ಮಧ್ಯಯುಗದ ಯುರೋಪ್ ಸಾಹಿತ್ಯ ಓದೋಕೆ ನಾನು ಬಳಸಿದ ಫ್ರೀ ಸೈಟ್‌ಗಳು, ಮೂರು ವರ್ಷದ ಅನುಭವ

ಎಂಎ ಇಂಗ್ಲಿಷ್ ಎಕ್ಸ್‌ಟರ್ನಲ್ ಕಟ್ಟಿರೋರು, ನೆಟ್ಟು ಕೆಸೆಟ್ಟು ಅಂತ ಓದ್ತಿರೋರು, ಪರೀಕ್ಷೆ ಏನೂ ಇಲ್ದೆ ಸುಮ್ನೆ ಆಸೆಗೆ ಇಂಗ್ಲಿಷ್ ಕವಿ ಚಾಸರ್ರೋ ಇಟಲಿಯ ಕವಿ ಡಾಂಟೆನೋ ಓದ್ಬೇಕು ಅಂತ ಇರೋರು, ದುಡ್ಡು ಕೊಟ್ಟು ಯಾವುದಾದ್ರೂ ಆನ್‌ಲೈನ್ ಕೋರ್ಸ್ ತಗೊಳ್ಳೋ ಮುಂಚೆ ದಯವಿಟ್ಟು ಇದನ್ನೊಂದ್ಸಲ ಓದಿ. ನಾನು ತಗೊಂಡು ಕೈ ಸುಟ್ಕೊಂಡಿದ್ದೀನಿ.

ನಾನು ಹೈಸ್ಕೂಲಲ್ಲಿ ಇಂಗ್ಲಿಷ್ ಟೀಚರ್ರು, ತಾಲ್ಲೂಕು ಊರು. ಎಂಎ ಕಟ್ಟಿದಾಗ ಮೊದಲ ಪೇಪರ್‌ನಲ್ಲೇ ಚಾಸರ್ ಇದ್ದ, ಊರಿನ ಲೈಬ್ರರಿಯಲ್ಲಿ ಸಿಕ್ಕಿದ್ದು ಒಂದು ಗೈಡು ಮಾತ್ರ. ಆಗ ಒಂದು ಕೋಚಿಂಗ್‌ನವರ ಜಾಹೀರಾತು ನೋಡಿ 3,500 ರೂಪಾಯಿ ಕಟ್ದೆ, ಹೆಸರು ಬೇಡ. ಬಂದಿದ್ದೇನು ಅಂದ್ರೆ ಎಂಟು ಪಿಡಿಎಫ್ಫು, ಅದ್ರಲ್ಲಿ ಕಥೆಯ ಸಾರಾಂಶ, ಪಾತ್ರಗಳ ಪಟ್ಟಿ, ಬರಬಹುದಾದ ಪ್ರಶ್ನೆಗಳು. ಇಡೀ ಎಂಟು ಪಿಡಿಎಫ್ ಹುಡುಕಿದ್ರೂ ಚಾಸರ್ ಬರೆದ ಒಂದೇ ಒಂದು ಸಾಲು ಇರ್ಲಿಲ್ಲ! ಊಟದ ಫೋಟೋ ತೋರ್ಸಿ ಊಟ ಹಾಕ್ದೆ ಕಳ್ಸಿದ ಹಾಗೆ. ಅವತ್ತು ರಾತ್ರಿ ಸಿಟ್ಟಲ್ಲಿ ಹುಡುಕೋಕೆ ಕೂತೆ, ಅಲ್ಲಿಂದ ಶುರುವಾಗಿದ್ದು. ಎಂಎ ಮುಗಿದು ಹೋಯ್ತು, ಈ ಓದು ಮಾತ್ರ ನಿಂತಿಲ್ಲ.

ನನ್ನ ಅಳತೆಗೋಲು ಒಂದೇ. ಮೂಲದ ಸಾಲಿನ ಪಕ್ಕ ನನ್ನನ್ನ ಕೂರ್ಸುತ್ತಾ ಇಲ್ವಾ? ಅಷ್ಟೇ. ಸಾರಾಂಶ ಎಲ್ಲಿ ಬೇಕಾದ್ರೂ ಸಿಗುತ್ತೆ. ಸಾಲಿನ ಪಕ್ಕ ಕೂರ್ಸಿ, ಗೊತ್ತಿಲ್ಲದ ಪದಕ್ಕೆ ಕೈ ಹಿಡಿದು, ಆಮೇಲೆ ಕೈ ಬಿಟ್ಟು ನಾನೇ ಓದೋ ಹಾಗೆ ಮಾಡೋ ಜಾಗ ಬೇಕು.

ಆ ಲೆಕ್ಕದಲ್ಲಿ ಮೊದಲ ಸ್ಥಾನ ಹಾರ್ವರ್ಡ್ ಯೂನಿವರ್ಸಿಟಿಯ ಚಾಸರ್ ವೆಬ್‌ಸೈಟ್‌ಗೆ. ಲಾಗಿನ್ ಇಲ್ಲ, ದುಡ್ಡಿಲ್ಲ, ನಡುವೆ ಬಂದು ಕಾಡೋ ಜಾಹೀರಾತಿಲ್ಲ. ಯಾತ್ರೆಗೆ ಹೊರಟವ್ರು ಒಬ್ಬೊಬ್ರಾಗಿ ಕಥೆ ಹೇಳೋ ಅವನ ಕಾವ್ಯ ಕ್ಯಾಂಟರ್ಬರಿ ಟೇಲ್ಸ್ ಅಲ್ಲಿ ಸಾಲು ಸಾಲಾಗಿ ಇದೆ, ಮೇಲೆ ಚಾಸರನ ಸಾಲು, ಅದ್ರ ಕೆಳಗೇ ಈಗಿನ ಇಂಗ್ಲಿಷಲ್ಲಿ ಅರ್ಥ. ಈ ಅರ್ಥ ಬರೆದವ್ರು ಲ್ಯಾರಿ ಬೆನ್ಸನ್, ಇವತ್ತಿಗೂ ಎಲ್ಲಾರೂ ಬಳಸೋ ರಿವರ್‌ಸೈಡ್ ಚಾಸರ್ ಅನ್ನೋ 1987ರ ಆವೃತ್ತಿಯ ಮುಖ್ಯ ಸಂಪಾದಕರು, ಹಾಗಾಗಿ ಕಣ್ಮುಚ್ಚಿ ನಂಬಬಹುದು. ಇದನ್ನ ನೋಡಿದಾಗ ನನಗೆ ತಕ್ಷಣ ನೆನಪಾಗಿದ್ದು ಗಮಕ. ಚಿಕ್ಕೋರಿದ್ದಾಗ ದೇವಸ್ಥಾನದಲ್ಲಿ ಕುಮಾರವ್ಯಾಸ ಭಾರತ ಓದಿಸೋರು, ಒಬ್ರು ರಾಗವಾಗಿ ಪದ್ಯ ಓದೋರು, ಪಕ್ಕದಲ್ಲಿ ಕೂತೋರು ವ್ಯಾಖ್ಯಾನ ಹೇಳೋರು, ಒಂದು ತಿಂಗಳು ಕೇಳಿದ್ಮೇಲೆ ವ್ಯಾಖ್ಯಾನ ಬರೋ ಮುಂಚೆನೇ ನಮಗೆ ಅರ್ಧ ಅರ್ಥ ಆಗಿರ್ತಿತ್ತು. ಇಲ್ಲೂ ಅದೇ ಆಗುತ್ತೆ. ಮೊದಲ ವಾರ ಕಣ್ಣು ಬರೀ ಕೆಳಗಿನ ಸಾಲಿಗೇ ಓಡುತ್ತೆ, ಮೂರನೇ ವಾರಕ್ಕೆ ಮೇಲಿನ ಸಾಲೇ ಸಾಕಾಗುತ್ತೆ, ಎಲ್ಲೋ ಒಂದು ಪದಕ್ಕೆ ಮಾತ್ರ ಕೆಳಗೆ ಇಣುಕೋದು.

ಅದೇ ಸೈಟಲ್ಲಿ ಆ ಕಾಲದ ಇಂಗ್ಲಿಷ್ ಕಲಿಯೋಕೆ ಹತ್ತು ಪಾಠ ಇದೆ, ಉಚ್ಚಾರಣೆ ಸಮೇತ. ಇದನ್ನ ಬಿಟ್ಟು ಮುಂದೆ ಹೋಗ್ಬೇಡಿ. ನಮ್ಮೋರಿಗೆ ಇದ್ರಲ್ಲಿ ಒಂದು ದೊಡ್ಡ ಅನುಕೂಲ ಇದೆ, ಯಾರೂ ಹೇಳಿದ್ದು ನಾನು ಕೇಳಿಲ್ಲ, ಅದಕ್ಕೇ ಬರೀತಿದ್ದೀನಿ. ಚಾಸರನ ಕಾಲದಲ್ಲಿ, ಅಂದ್ರೆ 1400ಕ್ಕಿಂತ ಸ್ವಲ್ಪ ಹಿಂದೆ, ಇಂಗ್ಲಿಷನ್ನ ಹೆಚ್ಚುಕಮ್ಮಿ ಬರೆದ ಹಾಗೇ ಓದ್ತಿದ್ರು. ಈಗ ನಾವು ಟೇಲ್ ಅನ್ನೋದು ಆಗ 'ಟಾಲೆ'. ನೈಟ್ (knight, ಯೋಧ) ಅನ್ನೋದ್ರಲ್ಲಿ ಕ ಕೂಡ ಹೇಳ್ಬೇಕು, ನಡುವೆ ಗಂಟಲಿಂದ ಒಂದು ಹಕಾರನೂ ಬರುತ್ತೆ, 'ಕ್ನಿಹ್ಟ್' ಅನ್ನೋ ಥರ. ಆಮೇಲಿನ ಶತಮಾನಗಳಲ್ಲಿ ದೀರ್ಘ ಸ್ವರಗಳೆಲ್ಲಾ ಜಾಗ ಬದ್ಲಾಯಿಸಿದ್ವು, ಕಾಗುಣಿತ ಮಾತ್ರ ಅಲ್ಲೇ ಉಳೀತು, ನಮ್ಮ ಮಕ್ಕಳು ಸ್ಪೆಲ್ಲಿಂಗ್ ಅಂತ ಒದ್ದಾಡೋದು ಅದಕ್ಕೇ. ಹಾಗಾಗಿ ನಾನು ಒಂದು ನೋಟ್‌ಬುಕ್ಕಲ್ಲಿ ಚಾಸರನ ಸಾಲುಗಳನ್ನ ಕನ್ನಡ ಲಿಪಿಯಲ್ಲಿ ಬರ್ಕೊಂಡೆ. ಇಂಗ್ಲಿಷ್ ಲಿಪಿಯಲ್ಲಿ ನೋಡಿದ್ರೆ ನಾಲಿಗೆ ತಾನಾಗೇ ಈಗಿನ ಉಚ್ಚಾರಕ್ಕೆ ಹೋಗ್ಬಿಡುತ್ತೆ, ಕನ್ನಡದಲ್ಲಿ ಬರ್ಕೊಂಡ್ರೆ ಇದ್ದಿದ್ದನ್ನ ಇದ್ದ ಹಾಗೆ ಓದ್ತೀವಿ. ಹಾಗೆ ಬರ್ಕೊಳ್ತಾ ನೇಮ್ ಅನ್ನೋ ಪದ ಬಂತು, ಆ ಕಾಲದ ಉಚ್ಚಾರ 'ನಾಮೆ'. ಒಂದು ನಿಮಿಷ ಪೆನ್ನು ಕೆಳಗಿಟ್ಟೆ. ನಮ್ಮ ನಾಮ! ಸಂಸ್ಕೃತದ ನಾಮನ್, ಇಂಗ್ಲಿಷಿನ ನೇಮ್ ಎರಡೂ ಒಂದೇ ಬೇರಿನವು ಅಂತ ಬಿಎಡ್‌ನಲ್ಲಿ ಯಾವತ್ತೋ ಕೇಳಿದ್ದೆ, ಅವತ್ತು ಕಿವೀಲಿ ಕೇಳಿಸ್ತು.

ನನ್ನ ಅಣ್ಣನ ಮಗಳು ಬಿಎ ಓದ್ತಿದ್ದಾಳೆ, ರಜಕ್ಕೆ ಬಂದಿದ್ಲು, ನಾನು ಗಟ್ಟಿಯಾಗಿ ಓದೋದು ಕೇಳಿ ಅಡಿಗೆಮನೆಯಿಂದ ಬಂದು "ಅತ್ತೆ, ಇದು ಜರ್ಮನ್ನಾ?" ಅಂದ್ಲು. "ಇಲ್ಲ ಕಣೇ, ಇಂಗ್ಲಿಷೇ, ಆರುನೂರು ವರ್ಷದ ಹಿಂದಿನದು" ಅಂದೆ. ಪಕ್ಕದಲ್ಲಿ ಕೂತ್ಲು, ಸಂಜೆವರೆಗೂ ಎದ್ದಿಲ್ಲ.

ಚಾಸರ್ ಜೊತೆಗೆ ಇನ್ನೊಂದು ಟ್ಯಾಬಲ್ಲಿ ಸದಾ ತೆಗೆದಿಟ್ಕೊಳ್ಬೇಕಾಗಿರೋದು ಮಿಶಿಗನ್ ಯೂನಿವರ್ಸಿಟಿಯ ಮಿಡ್ಲ್ ಇಂಗ್ಲಿಷ್ ಡಿಕ್ಷನರಿ, ಅಂದ್ರೆ ಚಾಸರನ ಕಾಲದ ಇಂಗ್ಲಿಷಿನ ನಿಘಂಟು. ಸುಮಾರು 1930ರ ಹೊತ್ತಿಗೆ ಶುರುವಾಗಿ 2001ರಲ್ಲಿ ಮುಗಿದ ಕೆಲಸ, ಮುದ್ರಣದಲ್ಲಿ 15,000 ಪುಟ, ಅಷ್ಟೂ ಈಗ ಫ್ರೀ. ನಮ್ಮ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ನೋಡಿರೋರಿಗೆ ಇದ್ರ ಗಾತ್ರ, ಶ್ರಮ ಎರಡೂ ಅರ್ಥ ಆಗುತ್ತೆ. ಉಪಯೋಗ ಹೇಗೆ ಅಂತ ಒಂದು ಉದಾಹರಣೆ ಕೊಡ್ತೀನಿ. ಕ್ಯಾಂಟರ್ಬರಿ ಟೇಲ್ಸ್‌ನಲ್ಲಿ ಮಿಲ್ಲರ್, ಅಂದ್ರೆ ಹಿಟ್ಟಿನ ಗಿರಣಿಯವನು, ಹೇಳೋ ಕಥೆಯಲ್ಲಿ ನಿಕೊಲಾಸ್ ಅಂತ ಒಬ್ಬ ವಿದ್ಯಾರ್ಥಿ ಬರ್ತಾನೆ, ಬಡಗಿಯೊಬ್ಬನ ಮನೇಲಿ ಬಾಡಿಗೆಗಿದ್ದು ಅವನ ಹೆಂಡ್ತಿ ಮೇಲೇ ಕಣ್ಣು ಹಾಕಿರೋನು. ಅವನನ್ನ ಚಾಸರ್ ಮತ್ತೆ ಮತ್ತೆ 'ಹೆಂಡೆ' ನಿಕೊಲಾಸ್ ಅಂತಾನೇ ಕರೀತಾನೆ. ಗೈಡಲ್ಲಿ ಇದಕ್ಕೆ ಸಭ್ಯ ಅಂತ ಒಂದೇ ಅರ್ಥ. ಡಿಕ್ಷನರಿ ತೆಗೆದ್ರೆ ಸಭ್ಯ, ಸುಸಂಸ್ಕೃತ ಅನ್ನೋದ್ರ ಜೊತೆಗೆ ಕೈಚಳಕ ಇರೋನು ಅಂತಾನೂ ಇದೆ, ಹತ್ತಿರದಲ್ಲೇ ಕೈಗೆಟುಕೋ ಹಾಗೆ ಇರೋನು ಅಂತಾನೂ ಇದೆ! ಮನೆಯೊಳಗೇ ಇರೋ, ಕೈ ಸುಮ್ನಿರದ, ಮೇಲ್ನೋಟಕ್ಕೆ ಮರ್ಯಾದಸ್ತ ಹುಡುಗ. ಮೂರು ಅರ್ಥನೂ ಒಂದೇ ಪದದಲ್ಲಿ ಕೂತಿದೆ, ಕಥೆ ಪೂರ್ತಿ ಆ ಒಂದು ಪದದ ಮೇಲೆ ನಿಂತಿದೆ. 3,500 ರೂಪಾಯಿಯ ಪಿಡಿಎಫ್ಫಲ್ಲಿ ಇದು ಸಿಗುತ್ತಾ?

ಒಂದೇ ತೊಂದರೆ ಅಂದ್ರೆ ಆ ಕಾಲದಲ್ಲಿ ಒಂದು ಪದಕ್ಕೆ ಹತ್ತು ಥರ ಕಾಗುಣಿತ ಇರ್ತಿತ್ತು, ಹಾಗಾಗಿ ನಿಮ್ಮ ಪಠ್ಯದಲ್ಲಿರೋ ರೂಪ ಹಾಕಿದ್ರೆ ಮೊದಲ ಸಲಕ್ಕೇ ಸಿಗದೇ ಇರಬಹುದು. ಬೇರೆ ಬೇರೆ ಕಾಗುಣಿತಗಳನ್ನೂ ಸೇರಿಸಿ ಹುಡುಕೋ ಆಯ್ಕೆ ಇದೆ, ಅದನ್ನ ಆರಿಸ್ಕೊಳ್ಳಿ.

ಚಾಸರ್ ಆಯ್ತು, ಅವನಾಚೆಗೆ ಏನು? ಇಲ್ಲಿ ನನ್ನ ಮನಸ್ಸು ಗೆದ್ದಿದ್ದು ಅಮೆರಿಕದ ರೋಚೆಸ್ಟರ್ ಯೂನಿವರ್ಸಿಟಿಯವ್ರ ಮಿಡ್ಲ್ ಇಂಗ್ಲಿಷ್ ಟೆಕ್ಸ್ಟ್ಸ್ ಸರಣಿ. ರಸೆಲ್ ಪೆಕ್ ಅನ್ನೋ ಪ್ರೊಫೆಸರ್ ಶುರು ಮಾಡಿದ್ದು. ದೊಡ್ಡ ಪ್ರಕಾಶಕರು ಮುಟ್ಟದೇ ಇರೋ ಪಠ್ಯಗಳನ್ನ ವಿದ್ಯಾರ್ಥಿಗಳಿಗೆ ಅಂತಾನೇ ಸಂಪಾದಿಸಿ ಪುಸ್ತಕನೂ ಮಾಡ್ತಾರೆ, ಅದನ್ನೇ ಆನ್‌ಲೈನಲ್ಲಿ ಪುಕ್ಕಟೆನೂ ಹಾಕ್ತಾರೆ. ರಾಬಿನ್ ಹುಡ್‌ನ ಹಳೇ ಹಾಡುಗಳು, ಆರ್ಥರ್ ರಾಜನ ಕಥೆಗಳು, ನಾಟಕಗಳು, ಸಂತರ ಚರಿತ್ರೆ, ಎಲ್ಲಾ ಇದೆ. ಇಲ್ಲಿ ಪೂರ್ತಿ ಅನುವಾದ ಕೊಡಲ್ಲ, ಕಷ್ಟದ ಪದಕ್ಕೆ ಮಾತ್ರ ಆ ಸಾಲಿನ ಬಲಗಡೆ ಅರ್ಥ, ಹೆಚ್ಚಿನದು ಟಿಪ್ಪಣಿಯಲ್ಲಿ. ಹಾರ್ವರ್ಡ್ ಸೈಟು ಕೈ ಹಿಡಿದು ನಡೆಸಿದ್ರೆ ಇದು ಕೈ ಬಿಟ್ಟು ಪಕ್ಕದಲ್ಲಿ ನಡೆಯುತ್ತೆ. ಅದಕ್ಕೇ ಈ ಕ್ರಮದಲ್ಲೇ ಹೋಗಿ ಅಂತೀನಿ, ಉಲ್ಟಾ ಬೇಡ.

ನಾನು ಅಲ್ಲಿ ಮೊದಲು ಓದಿದ್ದು ಸರ್ ಆರ್ಫಿಯೊ, ಸುಮಾರು 600 ಸಾಲು, ಎರಡು ಭಾನುವಾರಕ್ಕೆ ಮುಗಿಯುತ್ತೆ. ಸತ್ತ ಹೆಂಡ್ತೀನ ಕರ್ಕೊಂಡು ಬರೋಕೆ ಪಾತಾಳಕ್ಕೆ ಹೋದ ಗ್ರೀಕ್ ಕಥೆಯ ಆರ್ಫಿಯಸ್ಸೇ, ಆದ್ರೆ ಇಲ್ಲಿ ಅವನು ಇಂಗ್ಲೆಂಡಿನ ರಾಜ, ಹಾರ್ಪ್ ಅನ್ನೋ ತಂತಿವಾದ್ಯ ನುಡಿಸ್ತಾನೆ, ಅವನ ರಾಣಿ ತೋಟದಲ್ಲಿ ಒಂದು ಮರದ ಕೆಳಗೆ ಮಧ್ಯಾಹ್ನ ಮಲಗಿದ್ದಾಗ ಯಕ್ಷಲೋಕದ ರಾಜ ಬಂದು, ನಾಳೆ ನಿನ್ನ ಕರ್ಕೊಂಡು ಹೋಗ್ತೀನಿ ಅಂತಾನೆ. ಮಾರನೇ ದಿನ ಸಾವಿರ ಜನ ಸೈನಿಕರು ಸುತ್ತ ನಿಂತಿದ್ರೂ ಅವಳು ನಡುವಿಂದಾನೇ ಮಾಯ. ಆ ಮರಕ್ಕೆ ಅಲ್ಲಿರೋ ಪದ 'ಇಂಪೆ ಟ್ರೆ', ಪಕ್ಕದಲ್ಲಿ ಕೊಟ್ಟಿರೋ ಅರ್ಥ ಕಸಿ ಮಾಡಿದ ಮರ ಅಂತ. ಕಸಿ ಮರ! ಸುಮ್ನೆ ಮರ ಅಂದಿದ್ರೆ ಮುಂದಕ್ಕೆ ಹೋಗ್ಬಿಡ್ತಿದ್ದೆ. ನಮ್ಮನೆ ಹಿತ್ತಲಲ್ಲೇ ಅಪ್ಪ ಕಸಿ ಕಟ್ಟಿದ ಮಾವಿನ ಮರ ಇದೆ, ಬುಡ ಒಂದು ಜಾತಿ, ಮೇಲಿನ ಕೊಂಬೆ ಇನ್ನೊಂದು ಜಾತಿ, ಗಂಟು ಈಗಲೂ ಕಾಣುತ್ತೆ. ಎರಡು ಲೋಕ ಸೇರೋ ಗಡಿಗೆ ಕವಿ ಆರಿಸಿದ್ದು ಎರಡು ಜೀವ ಸೇರಿದ ಮರವನ್ನ. ಹೀಗೆ ಓದ್ಬೇಕು ಅಂತ ಯಾರೂ ಹೇಳ್ಕೊಟ್ಟಿದ್ದಲ್ಲ, ಅಂಚಿನಲ್ಲಿದ್ದ ಎರಡು ಪದದ ಅರ್ಥ ಅಷ್ಟನ್ನ ಕೊಡ್ತು. ಮತ್ತೆ ಗ್ರೀಕ್ ಕಥೆ ಥರ ಇಲ್ಲಿ ಹೆಂಡ್ತೀನ ಮತ್ತೆ ಕಳ್ಕೊಳ್ಳಲ್ಲ, ಹತ್ತು ವರ್ಷ ಕಾಡಲ್ಲಿ ಅಲೆದು ಹಾರ್ಪ್ ನುಡಿಸಿ ಗೆದ್ಕೊಂಡು ವಾಪಸ್ ಬರ್ತಾನೆ.

ಇದನ್ನ ಓದಿ ಮುಗಿಸಿದ್ಮೇಲೆ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ಆಕಿನ್ಲೆಕ್ ಹಸ್ತಪ್ರತಿ ಸೈಟಿಗೆ ಹೋಗಿ. ಈ ಕಾವ್ಯ ಸಿಗೋ ಹಸ್ತಪ್ರತಿಗಳಲ್ಲಿ ಅತಿ ಹಳೇದು ಅದೇ, 1330ರ ದಶಕದಲ್ಲಿ ಲಂಡನ್ನಲ್ಲಿ ಬರೆದಿದ್ದು. ಪುಟದ ಫೋಟೋನೂ ಇದೆ, ಅಕ್ಷರ ಬಿಡಿಸಿ ಟೈಪ್ ಮಾಡಿದ ಪಠ್ಯನೂ ಇದೆ. ಹಿಂದೆ ಯಾರೋ ಚಿತ್ರಗಳಿಗೋಸ್ಕರ ಹಾಳೆಗಳನ್ನ ಕತ್ತರಿಸಿಕೊಂಡು ಹೋಗಿದ್ದಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ. ಸರ್ ಆರ್ಫಿಯೊದ ಶುರುವಿನ ಸಾಲುಗಳೂ ಅಲ್ಲಿಲ್ಲ, ಆ ಹಾಳೆ ಹೋಗಿದೆ, ಸಂಪಾದಕರು ಬೇರೆ ಕಡೆಯಿಂದ ತಂದು ತುಂಬಿಸಿದ್ದಾರೆ. ಅಚ್ಚಾದ ಪುಸ್ತಕ ನೋಡಿದ್ರೆ ಕವಿತೆ ಅನ್ನೋದು ಹುಟ್ಟಿದಾಗಿಂದ ಹಾಗೇ ನೀಟಾಗಿತ್ತು ಅನ್ಸುತ್ತೆ, ಇಲ್ಲಿ ನೋಡಿದ್ಮೇಲೆ ಒಂದೊಂದು ಸಾಲು ಉಳಿದಿದ್ದೂ ಪುಣ್ಯ ಅನ್ಸುತ್ತೆ. ನಮ್ಮ ಓಲೆಗರಿ ಕಟ್ಟುಗಳ ಕಥೆನೂ ಅದೇ ತಾನೇ.

ಚಾಸರ್‌ಗಿಂತ ಎಷ್ಟೋ ಮುಂಚಿನ ಹಳೇ ಇಂಗ್ಲಿಷಿನ ವೀರಕಾವ್ಯ ಬಿಯೋವುಲ್ಫ್ ಓದೋರಿಗೆ ಒಂದು ಎಚ್ಚರಿಕೆ ಹೇಳ್ಬೇಕು. 3,182 ಸಾಲಿನ ಆ ಕಾವ್ಯಕ್ಕೆ ಇಡೀ ಜಗತ್ತಲ್ಲಿ ಇರೋದು ಒಂದೇ ಹಸ್ತಪ್ರತಿ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ. 1731ರಲ್ಲಿ ಅದಿದ್ದ ಮನೆಗೆ ಬೆಂಕಿ ಬಿತ್ತು, ಅಂಚುಗಳು ಸುಟ್ಟು ಕರಕಲಾದ್ವು, ಆಮೇಲೆ ಅಂಚಿನ ಅಕ್ಷರಗಳು ಉದುರ್ತಾ ಹೋದ್ವು. ಅದ್ರ ಫೋಟೋಗಳನ್ನ ಲೈಬ್ರರಿ ಫ್ರೀಯಾಗಿ ಹಾಕಿತ್ತು, ನಾನು ರಾತ್ರಿ ಹೊತ್ತು ಝೂಮ್ ಮಾಡಿ ಆ ಸುಟ್ಟ ಅಂಚುಗಳನ್ನೇ ನೋಡ್ತಾ ಕೂರ್ತಿದ್ದೆ. 2023ರ ಅಕ್ಟೋಬರ್‌ನಲ್ಲಿ ಆ ಲೈಬ್ರರಿ ಮೇಲೆ ದೊಡ್ಡ ಸೈಬರ್ ದಾಳಿ ಆಯ್ತು, ಹಸ್ತಪ್ರತಿಗಳ ಪುಟಗಳೆಲ್ಲಾ ಒಂದೇ ಏಟಿಗೆ ಕಣ್ಮರೆ. ಬೆಂಕಿಯಿಂದ ಪಾರಾಗಿ ಬಂದಿದ್ದು ಕಂಪ್ಯೂಟರ್ ಕಳ್ಳರ ಕೈಯಲ್ಲಿ ಮತ್ತೆ ಮರೆಯಾಯ್ತಲ್ಲಾ ಅಂತ ನನಗೆ ನಿಜಕ್ಕೂ ಅಳು ಬಂತು. ಪುಸ್ತಕಕ್ಕೇನೂ ಆಗಿರ್ಲಿಲ್ಲ, ಆಮೇಲೆ ಫೋಟೋಗಳನ್ನ ಸ್ವಲ್ಪ ಸ್ವಲ್ಪವಾಗಿ ವಾಪಸ್ ಹಾಕೋಕೂ ಶುರು ಮಾಡಿದ್ರು. ಆದ್ರೆ ಅವತ್ತಿಂದ ನನಗೆ ಒಂದು ಅಭ್ಯಾಸ, ಲಿಂಕ್ ಉಳಿಸ್ಕೊಂಡು ಸುಮ್ನಾಗಲ್ಲ, ಇಳಿಸ್ಕೊಳ್ಳೋಕೆ ಅನುಮತಿ ಇದ್ದಿದ್ದನ್ನ ಇಳಿಸಿ ಪೆನ್‌ಡ್ರೈವ್‌ಗೆ ಹಾಕ್ತೀನಿ, ಲೈಬ್ರರಿ ಹೆಸರು, ಹಸ್ತಪ್ರತಿಯ ನಂಬರ್ರು ನೋಟ್‌ಬುಕ್ಕಲ್ಲಿ ಬರ್ಕೊಳ್ತೀನಿ. ನಂಬರ್ ಇದ್ರೆ ವಿಳಾಸ ಬದಲಾದ್ರೂ ಮತ್ತೆ ಹುಡುಕಬಹುದು. ಹಳೇ ಇಂಗ್ಲಿಷಿನ ಪದಗಳಿಗೆ ಬಾಸ್‌ವರ್ತ್ ಟಾಲರ್ ಡಿಕ್ಷನರಿ ಆನ್‌ಲೈನಲ್ಲಿದೆ, ಪ್ರಾಗ್‌ನ ಚಾರ್ಲ್ಸ್ ಯೂನಿವರ್ಸಿಟಿಯವ್ರು ನೋಡ್ಕೊಳ್ತಾರೆ, ಅದೂ ಫ್ರೀ.

ಜನ ಹೇಗೆ ಬದುಕ್ತಿದ್ರು, ಏನು ನಂಬ್ತಿದ್ರು ಅನ್ನೋದಕ್ಕೆ ಫೋರ್ಡಮ್ ಯೂನಿವರ್ಸಿಟಿಯ ಇಂಟರ್ನೆಟ್ ಮಿಡೀವಲ್ ಸೋರ್ಸ್‌ಬುಕ್. 1996ರಲ್ಲಿ ಪಾಲ್ ಹಾಲ್ಸಲ್ ಶುರು ಮಾಡಿದ್ದು, ನೋಡೋಕೂ ಆ ಕಾಲದ ವೆಬ್‌ಪೇಜ್ ಥರಾನೇ ಇದೆ, ಬರೀ ಅಕ್ಷರ, ನಮ್ಮೂರಿನ ನೆಟ್‌ವರ್ಕಲ್ಲೂ ಸಲೀಸಾಗಿ ತೆರೆಯುತ್ತೆ. ಇಂಗ್ಲೆಂಡಿನ ರಾಜನ ಅಧಿಕಾರಕ್ಕೆ ಮಿತಿ ಹಾಕಿದ 1215ರ ಸನ್ನದು ಮ್ಯಾಗ್ನಾ ಕಾರ್ಟಾ, ಐನ್‌ಹಾರ್ಡ್ ಬರೆದ ಶಾರ್ಲಮೇನ್ ಚಕ್ರವರ್ತಿಯ ಚರಿತ್ರೆ, 1348ರ ಪ್ಲೇಗ್ ಬಗ್ಗೆ ಇಟಲಿಯ ಲೇಖಕ ಬೊಕಾಚಿಯೊ ಬರೆದಿದ್ದು, ಎಲ್ಲಾ ಅನುವಾದದಲ್ಲಿ ಸಿಗುತ್ತೆ. ಕೊರೋನಾ ಕಂಡ ನಮಗೆ ಆ ಪ್ಲೇಗಿನ ಪುಟಗಳು, ತಮ್ಮನೇ ಅಣ್ಣನ ಹತ್ರ ಹೋಗದ, ಹೆತ್ತವರೇ ಮಕ್ಕಳನ್ನ ಬಿಟ್ಟ ಆ ಮಾತುಗಳು, ಕರುಳು ಹಿಂಡುತ್ತೆ. ಕೊರತೆ ಅಂದ್ರೆ ಎಷ್ಟೋ ಅನುವಾದಗಳು ಕಾಪಿರೈಟ್ ಮುಗಿದ 19ನೇ ಶತಮಾನದವು, ಭಾಷೆ ಭಾರ. ಪರೀಕ್ಷೆಯಲ್ಲಿ ಉದ್ಧರಿಸೋ ಮುಂಚೆ ಯಾರ ಅನುವಾದ, ಯಾವ ವರ್ಷದ್ದು ಅಂತ ಪುಟದ ಕೆಳಗೆ ನೋಡ್ಕೊಳ್ಳಿ.

ಡಾಂಟೆ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ, ಅದು ಬೇರೆನೇ ಸಮುದ್ರ. ಕೊಲಂಬಿಯಾ ಯೂನಿವರ್ಸಿಟಿಯ ಡಿಜಿಟಲ್ ಡಾಂಟೆಯಲ್ಲಿ ಅವನ ಮಹಾಕಾವ್ಯ ಡಿವೈನ್ ಕಾಮಿಡಿಯ ನೂರೂ ಸರ್ಗದ ಇಟಾಲಿಯನ್ ಮೂಲ, ಇಂಗ್ಲಿಷ್ ಅನುವಾದ, ಟಿಯೊಡೊಲಿಂಡಾ ಬಾರೊಲಿನಿಯವರ ವ್ಯಾಖ್ಯಾನ ಇದೆ. ಕೇಳೋದು ಇಷ್ಟ ಅನ್ನೋರಿಗೆ ಓಪನ್ ಯೇಲ್ ಕೋರ್ಸಸ್‌ನಲ್ಲಿ ಜುಸೆಪ್ಪೆ ಮಜೊಟ್ಟಾ ಅವ್ರ 24 ಪಾಠ, ಇತಿಹಾಸಕ್ಕೆ ಪಾಲ್ ಫ್ರೀಡ್‌ಮನ್ ಅವ್ರ 22 ಪಾಠ, ಮಾತಾಡಿದ್ದರ ಬರಹ ರೂಪನೂ ಸಿಗುತ್ತೆ. ಬಸ್ಸಲ್ಲಿ ಸ್ಕೂಲಿಗೆ ಹೋಗ್ತಾ ನಾನು ಎರಡನ್ನೂ ಕೇಳಿ ಮುಗಿಸಿದೆ.

ಕೊನೆಗೆ ನನಗೆ ಬಹಳ ಇಷ್ಟವಾದ ಜಾಗ, ಸ್ವಿಟ್ಜರ್ಲೆಂಡಿನ ಈ-ಕೋಡಿಸೆಸ್. ಅಲ್ಲಿನ ಮಠ, ಲೈಬ್ರರಿಗಳ ಹಸ್ತಪ್ರತಿಗಳು, ಫೋಟೋ ಗುಣಮಟ್ಟ ಹೇಗಿದೆ ಅಂದ್ರೆ ಚರ್ಮದ ಹಾಳೆ ಮೇಲಿನ ರೋಮದ ಗುರುತು ಕೂಡ ಕಾಣುತ್ತೆ. ಸಾಂಕ್ಟ್ ಗಾಲೆನ್ ಮಠದ 1092ನೇ ನಂಬರ್ ತೆಗೆದು ನೋಡಿ. 9ನೇ ಶತಮಾನದ ಶುರುವಿನ ಒಂದು ನಕ್ಷೆ, ಐದು ಚರ್ಮದ ತುಂಡು ಹೊಲಿದು ಮಾಡಿದ್ದು, ಒಂದು ಆದರ್ಶ ಮಠ ಹೇಗಿರ್ಬೇಕು ಅಂತ ಕೆಂಪು ಗೆರೆಯಲ್ಲಿ ಬರೆದಿದ್ದಾರೆ. ಚರ್ಚು, ಮಲಗೋ ಕೋಣೆ, ಬ್ರೆಡ್ ಸುಡೋ ಮನೆ, ಬಿಯರ್ ಮಾಡೋ ಮನೆ, ಕೋಳಿಗೆ ಒಂದು ದುಂಡಗಿನ ಮನೆ, ಹೆಬ್ಬಾತುಗಳಿಗೆ ಇನ್ನೊಂದು ದುಂಡಗಿನ ಮನೆ, ನಡುವೆ ಅವನ್ನ ನೋಡ್ಕೊಳ್ಳೋನ ಮನೆ. ವೈದ್ಯನ ಮನೆ ಪಕ್ಕ ಔಷಧಿ ತೋಟ, 16 ಪಾತಿ, ಪ್ರತಿ ಪಾತಿ ಮೇಲೂ ಗಿಡದ ಹೆಸರು ಲ್ಯಾಟಿನ್‌ನಲ್ಲಿ. ಹೆಸರುಗಳನ್ನ ಒಂದೊಂದಾಗಿ ಬಿಡಿಸ್ತಾ ಹೋದ್ರೆ ಪುದೀನ, ಸೋಂಪು, ಜೀರಿಗೆ, ಮೆಂತ್ಯ! ಸಾವಿರದ ಇನ್ನೂರು ವರ್ಷದ ಹಿಂದೆ ಆಲ್ಪ್ಸ್ ಬೆಟ್ಟದ ಆಚೆಕಡೆ ಒಬ್ಬ ಸನ್ಯಾಸಿ ಬರ್ಕೊಂಡ ಪಟ್ಟೀಲಿ ನಮ್ಮ ಸಾಂಬಾರ ಡಬ್ಬಿಯ ಮೆಂತ್ಯ. ನನ್ನ ಎಂಟನೇ ಕ್ಲಾಸ್ ಮಕ್ಕಳಿಗೆ ಸ್ಮಾರ್ಟ್‌ಬೋರ್ಡ್ ಮೇಲೆ ಇದನ್ನ ತೋರ್ಸಿದೆ, ಇತಿಹಾಸದ ಮೇಷ್ಟ್ರು ಕೂಡ ಬಂದು ಹಿಂದೆ ನಿಂತು ನೋಡಿದ್ರು.

ಅದೇ ಥರ ಜರ್ಮನಿಯ ಹೈಡೆಲ್‌ಬರ್ಗ್ ಯೂನಿವರ್ಸಿಟಿ ಲೈಬ್ರರಿಯ ಕೋಡೆಕ್ಸ್ ಮನೆಸ್ಸೆ, 14ನೇ ಶತಮಾನದ ಶುರುವಿನ ಪ್ರೇಮಗೀತೆಗಳ ಸಂಕಲನ, ಕವಿಗಳ 137 ಪುಟತುಂಬ ಬಣ್ಣದ ಚಿತ್ರಗಳು. ವಾಲ್ಟರ್ ಫಾನ್ ಡೆರ್ ಫೋಗೆಲ್‌ವೈಡೆ ಅನ್ನೋ ಕವಿ ಕಾಲ ಮೇಲೆ ಕಾಲು ಹಾಕ್ಕೊಂಡು, ಕೆನ್ನೆಗೆ ಕೈ ಕೊಟ್ಟು ಕೂತಿರೋ ಚಿತ್ರ ಅಲ್ಲಿದೆ. ನನ್ನ ಅಣ್ಣನ ಮಗಳು ಅದನ್ನ ಕಲರ್ ಪ್ರಿಂಟ್ ತೆಗೆಸಿ ಹಾಸ್ಟೆಲ್ ಗೋಡೆಗೆ ಅಂಟಿಸ್ಕೊಂಡಿದ್ದಾಳೆ. ಇಡೀ ಪುಸ್ತಕನೇ ಇಳಿಸ್ಕೋಬಹುದು, ಆದ್ರೆ ಫೈಲ್ ತುಂಬಾ ದೊಡ್ಡದು, ಮೊಬೈಲ್ ಡೇಟಾದಲ್ಲಿ ಹಾಕ್ಬೇಡಿ, ವೈಫೈ ಇರೋ ಕಡೆ ರಾತ್ರಿ ಹಾಕಿಟ್ಟು ಮಲಗಿ.